ತಗಲಿದ್ದು ಗೊತ್ತಾಗಲ್ಲ

ಆ ಕಾರಿನ ಹೆಡ್‌ಲೈಟಿನ ಕೆಳಗಿದ್ದ ನೀರಿನ ನಾಜಲ್ ಮುರಿದವನು ನಾನು. ಮುರುಗಣ್ಣ ಅಲ್ಲ. ಇಷ್ಟು ಹೇಳಲು ನನಗೆ ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡುವ ಮನುಷ್ಯ ನಾನು — ಇದೊಂದಕ್ಕೆ ಮಾತ್ರ ಹಿಂದಿರುಗಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ದುರ್ಗಿಗುಡಿಯ ಅಕ್ಕನ ಮನೆಯಲ್ಲಿದ್ದುಕೊಂಡು ಭಾವನ ಸಿಮೆಂಟ್ ಅಂಗಡಿ ನೋಡಿಕೊಳ್ಳುತ್ತಿದ್ದೆ. ಭಾವ ಮುಂಬೈಯಿಂದ ಒಂದು ಹಳೆಯ ವಿದೇಶಿ ಕಾರು ತರಿಸಿದರು. ಸ್ಟೀರಿಂಗಿನ ಪಕ್ಕದ ಲಿವರ್ ಎಳೆದರೆ ಬಂಪರಿನ ಮೇಲಿನ ಎರಡು ಪುಟ್ಟ ನಾಜಲ್‌ಗಳಿಂದ ನೀರು ಚಿಮ್ಮಿ ಹೆಡ್‌ಲೈಟಿನ ಕೆಸರನ್ನು ತೊಳೆಯುತ್ತಿತ್ತು. ನಮ್ಮ ಬೀದಿಗೆ ದಿನ ಬಿಟ್ಟು ದಿನ ನಲ್ಲಿ ಬರುತ್ತಿದ್ದ ಕಾಲ. ಆ ದೀಪಗಳು ಮಾತ್ರ ಬೇಕೆಂದಾಗ ಮುಖ ತೊಳೆದುಕೊಳ್ಳುತ್ತಿದ್ದವು. ನೋಡಲು ಜನ ನಿಲ್ಲುತ್ತಿದ್ದರು.

ಕಾರು ಓಡಿಸಲು ಭದ್ರಾವತಿಯಿಂದ ಮುರುಗಣ್ಣ ಬರುತ್ತಿದ್ದರು. ಬಹಳ ವರ್ಷ ಕಾರ್ಖಾನೆಯ ಲಾರಿ ಓಡಿಸಿದವರು. ನಮ್ಮ ಗಲ್ಲಿಯ ಎರಡೂ ಕಡೆ ಸ್ಕೂಟರುಗಳು ನಿಂತಿದ್ದರೂ ಆ ಅಗಲದ ಕಾರನ್ನು ಒಂದು ಗೀರು ಬೀಳದಂತೆ ಒಳಗೆ ತರುತ್ತಿದ್ದರು. "ಗಾಡಿ ಮೈ ಅಂದ್ರೆ ನಮ್ ಮೈ ಸಾರ್. ಸೊಳ್ಳೆ ಕೂತ್ರೂ ಗೊತ್ತಾಗ್ಬೇಕು" ಎನ್ನುತ್ತಿದ್ದರು.

ಆಯುಧಪೂಜೆಯ ದಿನ ಕಾರಿಗೆ ವಿಭೂತಿ ಹಚ್ಚುವ ಕೆಲಸ ನನ್ನದು. ನೀರಲ್ಲಿ ಗಟ್ಟಿಯಾಗಿ ಕಲಸಿ ಬಾನೆಟ್ಟಿಗೆ, ಹೆಡ್‌ಲೈಟಿಗೆ ಮೂರು ಬೆರಳಿನ ಪಟ್ಟೆ ಎಳೆದೆ. ನಾಜಲ್‌ಗಳನ್ನು ಬಿಟ್ಟರೆ ಏನು ಕೇಡಾದೀತೋ — ನನ್ನ ಭಕ್ತಿಯೂ ಅಳುಕಿನದೇ — ಅವಕ್ಕೂ ಮೆತ್ತಿದೆ. ಮರುದಿನ ಅದು ಒಣಗಿ ತೂತುಗಳು ಮುಚ್ಚಿಹೋಗಿದ್ದವು. ಭಾವ ಬೈದಾರೆಂದು, ಯಾರೂ ಏಳುವ ಮುಂಚೆ ಪಿನ್ನು ಹಿಡಿದು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಬಲಗಡೆಯದು ಬಿಟ್ಟುಕೊಂಡಿತು. ಎಡಗಡೆಯದು ಬಿಡಲಿಲ್ಲ. ಹಿಡಿದು ತಿರುಚಿದೆ. ಒಳಗೆಲ್ಲೋ ಟಕ್ ಎಂದಿತು. ಹೊರಗಿನಿಂದ ನೋಡಿದರೆ ಎಲ್ಲವೂ ಇದ್ದ ಹಾಗೇ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ಹೋಗಿಬಿಟ್ಟೆ.

ಆಮೇಲೆ ಬೆಳಿಗ್ಗೆ ತುಂಬಿಸಿದ ನೀರಿನ ಟ್ಯಾಂಕು ಸಂಜೆಗೆ ಖಾಲಿಯಾಗತೊಡಗಿತು. ಕಾರು ನಿಂತಲ್ಲೆಲ್ಲ ಎಡ ಚಕ್ರದ ಮುಂದೆ ನೀರು. ಟ್ಯಾಂಕು ಸೀಳಿದೆಯೇ, ಮೋಟಾರಿನ ಹತ್ತಿರ ಸೋರುತ್ತಿದೆಯೇ, ಪೈಪು ತೂತಾಗಿದೆಯೇ ಎಂದು ಮುರುಗಣ್ಣ ಒಂದೊಂದನ್ನೇ ಸವರಿ ನೋಡಿದರು. ತಿಳಿಯಲಿಲ್ಲ. ಕೊನೆಗೆ ಅಕ್ಕನ ಹತ್ತಿರ ಬಟ್ಟೆಗೆ ಹಾಕುವ ನೀಲಿ ಇಸಿದುಕೊಂಡು ಟ್ಯಾಂಕಿನ ನೀರಿಗೆ ಬೆರೆಸಿದರು.

"ಸಾರ್, ನೀವು ಒಳಗೆ ಕೂತು ಲಿವರ್ ಎಳೀರಿ. ನಾನು ಕೆಳಗೆ ನೋಡ್ತೀನಿ."

ಎಳೆದೆ. ಎಲ್ಲಿ ಸೋರುತ್ತದೆಂದು ಗೊತ್ತಿದ್ದವನು ನಾನೊಬ್ಬನೇ — ಆದರೂ ಅವರು ಕಾರಿನಡಿ ಅಂಗಾತ ಮಲಗಿ "ಇನ್ನೊಂದ್ಸಲ ಸಾರ್" ಎಂದಾಗಲೆಲ್ಲ ವಿಧೇಯನಾಗಿ ಎಳೆಯುತ್ತಿದ್ದೆ. ಹೊರಗೆ ಬಂದಾಗ ಅವರ ಅಂಗಿ, ಕೆನ್ನೆ ಎಲ್ಲ ನೀಲಿ. ಅಕ್ಕ ನಕ್ಕಳು, "ಕೃಷ್ಣನ ಪಾರ್ಟು ಮಾಡ್ಬಹುದು ನೋಡಿ ಮುರುಗಣ್ಣ." ಅವರೂ ನಕ್ಕರು. "ಸಿಕ್ತು ಅಕ್ಕಾ. ನಾಜಲ್ಲಿಗೆ ಪೈಪ್ ಸೇರೋ ಬುಡ ಇದೆಯಲ್ಲ, ಅಲ್ಲಿ ಬಿರುಕು."

ಭಾವ ಬಂದು ಬಗ್ಗಿ ನೋಡಿದರು. "ಎಲ್ಲಿ ತಗಲಿಸಿದ್ರಿ?"

"ಎಲ್ಲೂ ಇಲ್ಲ ಸಾರ್. ತಗಲಿದ್ರೆ ನಂಗೆ ಗೊತ್ತಾಗ್ದೆ ಇರುತ್ತಾ? ಬಂಪರ್ ಮೇಲೆ ಒಂದು ಗೀರಿಲ್ಲ, ನೋಡಿ."

ಭಾವ ನನ್ನ ಕಡೆ ತಿರುಗಿದರು. ಅವರು ಕೇಳುವ ಮುಂಚೆಯೇ ನಾನು —

"ಪ್ಲಾಸ್ಟಿಕ್ ಬಂಪರ್ ಅಲ್ವಾ ಭಾವ. ಒತ್ತಿದ್ರೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತೆ. ತಗಲಿದ್ದು ಗೊತ್ತಾಗಲ್ಲ."

"ಹೌದು ಮಾರಾಯ. ಹೋಗ್ಲಿ, ರಿಪೇರಿ ಮಾಡ್ಸಿ" ಎಂದು ಭಾವ ಅಂಗಡಿಗೆ ಹೊರಟರು. ಬೈಯಲೂ ಇಲ್ಲ. ನಾನು ಅಷ್ಟು ಹೆದರಿದ್ದ ಬೈಗುಳ ಅಲ್ಲಿ ಇರಲೇ ಇಲ್ಲ.

ಮುರುಗಣ್ಣ ಮಾತ್ರ ಬಂಪರನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಅದು ಒಳಗೆ ಹೋಗಿ ಹೊರಗೆ ಬಂತು. ಮತ್ತೆ ಒತ್ತಿದರು. "ಗೊತ್ತಾಗಲ್ವಾ ಸಾರ್?" ಎಂದು ಕೇಳಿದರು, ವಿದ್ಯಾವಂತನನ್ನು ಕೇಳುವ ಹಾಗೆ.

"ಎಷ್ಟೋ ಸಲ ಗೊತ್ತಾಗಲ್ಲ" ಎಂದೆ.

ಒಡೆದ ಬುಡವನ್ನು ಕತ್ತರಿಸಿ, ರಬ್ಬರಿನ ಟ್ಯೂಬು ತೊಡಿಸಿ, ಕ್ಲಿಪ್ ಬಿಗಿದರು. ಸೋರುವುದು ನಿಂತಿತು. ಆದರೆ ಮುರುಗಣ್ಣ ಬದಲಾದರು. ಗಲ್ಲಿಯ ತುದಿಯಲ್ಲಿ ಕಾರು ನಿಲ್ಲಿಸಿ, ಇಳಿದು, ಎರಡೂ ಕಡೆ ನೋಡಿ, ಮತ್ತೆ ಹತ್ತುತ್ತಿದ್ದರು. ಹತ್ತಿರದ ಕುಂಸಿಗೆ ಹೋಗಿಬಂದರೂ ಸುತ್ತ ಬಗ್ಗಿ ಬಂಪರು ಸವರುತ್ತಿದ್ದರು. ಈ ಅನುಮಾನದ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದು, ಅದರ ಜೊತೆ ಬದುಕಲು ನನಗೆ ಅಭ್ಯಾಸ. ಅವರಿಗೆ ಅಭ್ಯಾಸವಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೀಗದ ಕೈಯನ್ನು ಭಾವನ ಮುಂದಿಟ್ಟರು.

"ಒಂದು ನಾಜಲ್ಲಿಗೆ ಇಷ್ಟೆಲ್ಲಾನಾ ಮಾರಾಯ್ರೆ?" ಎಂದರು ಭಾವ.

"ನಾಜಲ್ ಅಲ್ಲ ಸಾರ್. ಆ ಜಾಗದಲ್ಲಿ ಮಗು ಇದ್ದಿದ್ರೆ?"

ನಾನು ಬಾಗಿಲಲ್ಲಿ ನಿಂತಿದ್ದೆ. ಮಾತು ನಾಲಿಗೆಯ ಮೇಲೇ ಇತ್ತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು… ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವಿರಲಿಲ್ಲ.

ಕಳೆದ ವರ್ಷ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕಲ್ಯಾಣಮಂಟಪವೊಂದರಲ್ಲಿ ವಾಚ್‌ಮನ್ ಆಗಿದ್ದಾರಂತೆ. ಮದುವೆಗೆ ಬಂದವರ ಕಾರುಗಳನ್ನು ಕೈ ಬೀಸಿ ಸಾಲಾಗಿ ನಿಲ್ಲಿಸುವುದೂ ಅವರದೇ ಕೆಲಸ. "ಅಳಿಯ ಗಾಡಿ ತಗೊಂಡ ಸಾರ್. ಓಡ್ಸಿ ಮಾವ ಅಂತಾನೆ. ಮೊಮ್ಮಕ್ಕಳು ಕೂರೋ ಗಾಡಿ, ನಾನು ಮುಟ್ಟಲ್ಲ. ಅವತ್ತು ತಗಲಿಸಿದ್ದೇ ಗೊತ್ತಾಗ್ಲಿಲ್ವಲ್ಲ."

ಭಾವ ತೀರಿಕೊಂಡು ವರ್ಷಗಳಾಗಿದ್ದವು. ಕಾರು ಗುಜರಿಗೆ ಹೋಗಿತ್ತು. ಹೆದರಲು ಜಗತ್ತಿನಲ್ಲಿ ಯಾರೂ ಉಳಿದಿರಲಿಲ್ಲ. ಆಗಲೂ ನಾನು — "ಹುಷಾರಾಗಿರೋದು ಒಳ್ಳೇದು ಬಿಡಿ" ಎಂದೆ. ನನ್ನ ಬಸ್ಸು ಹೊರಡುವವರೆಗೂ ಅವರು ಕಿಟಕಿಯ ಪಕ್ಕ ನಿಂತಿದ್ದರು.

ಇದನ್ನೆಲ್ಲ ಈಗ ಬರೆದಿದ್ದೇನೆ. ಮುರುಗಣ್ಣ ಕಲಿತದ್ದು ತಮಿಳು ಶಾಲೆಯಲ್ಲಿ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅದು ನನಗೆ ಮೊದಲಿಂದಲೂ ಗೊತ್ತು. ಬರೆಯಲು ಕೂತಾಗಲೂ ಗೊತ್ತಿತ್ತು.

ಆದ್ದರಿಂದ ಬಾಯಲ್ಲೇ ಹೇಳಬೇಕು. ಭದ್ರಾವತಿಗೆ ಹೋಗಿ, ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಮನೆಯಲ್ಲಿರುವಾಗ. ಕ್ಷಮಿಸಿ ಎಂದು ಕೇಳುವುದಕ್ಕಲ್ಲ, ಅದು ನಂತರದ ಮಾತು. ಮೊದಲು ಇಷ್ಟು: ಮುರುಗಣ್ಣ, ನೀವು ಎಲ್ಲೂ ತಗಲಿಸಿರಲಿಲ್ಲ.