ಎರೆ ದಾರಿಯ ಓರೆ ತೂತುಗಳು

ಸೈನ್ಯಕ್ಕೆ ಸೇರು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ನನ್ನದೇ ಹಟ. ರಜೆ ಮುಗಿಸಿ ಅಪ್ಪ ವಾಡಿಯಲ್ಲಿ ರೈಲು ಹತ್ತುವಾಗಲೆಲ್ಲ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅಪ್ಪನ ಬೂಟು ನೋಡುತ್ತ ನಿಲ್ಲುತ್ತಿದ್ದೆ, ನನಗೂ ಇಂಥವೇ ಬೇಕು ಅನ್ನುತ್ತಿದ್ದೆ. ನೆಲದಲ್ಲಿ ಹೂತಿಟ್ಟ ಸಿಡಿಮದ್ದು ಹುಡುಕಿ ತೆಗೆಯುವುದು ಅವರ ಕೆಲಸವೆಂದು ಗೊತ್ತಿತ್ತು. ಹೇಗೆ ತೆಗೆಯುತ್ತೀರಿ ಎಂದು ಕೇಳಿದರೆ, ಸಾವಕಾಶ ತೆಗೆಯುತ್ತೇವೆ ಅನ್ನುತ್ತಿದ್ದರು, ಅಷ್ಟೇ.

ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅವರು ನಿವೃತ್ತರಾಗಿ ಶಹಾಬಾದಿಗೆ ಬಂದರು. ಊರ ಹೊರಗೆ, ಭಂಕೂರದ ಕಡೆ ನಮ್ಮ ಮನೆ. ಬಂದ ಮೇಲೆ ಅಪ್ಪ ಅಂಗಳದ ಮಣ್ಣು ಕಾಣದ ಹಾಗೆ ಉದ್ದಕ್ಕೂ ಫರಸಿ ಹಾಸಿಸಿದರು. ಕಲ್ಲಿನ ಊರಲ್ಲಿ ಕಲ್ಲು ಹಾಸಿಸಿದ್ದಕ್ಕೆ ಯಾರು ಏನು ಅಂದಾರು? ಅವ್ವ ಮಾತ್ರ ತುಳಸಿಗಾದರೂ ಒಂದು ಗೇಣು ಮಣ್ಣು ಬಿಡಿ ಎಂದು ಜಗಳವಾಡಿದಳು. ಕೊನೆಗೆ ತುಳಸಿ ಡಬ್ಬಿಗೆ ಹೋಯಿತು.

ಮುಂದಿನ ವರ್ಷ ಸೈನ್ಯದ ಹುಡುಗಿಯರ ಭರ್ತಿಗೆ ಅರ್ಜಿ ಹಾಕಿದೆ. ಓಟದಲ್ಲಿ ಗೆದ್ದರೆ ಉಳಿದದ್ದು ಹೇಗೋ ಆಗುತ್ತದೆ ಎಂದು ದಿನಾ ಬೆಳಿಗ್ಗೆ ತೊಗರಿ ಹೊಲಗಳ ನಡುವಿನ ಕಪ್ಪು ಎರೆಮಣ್ಣಿನ ದಾರಿಯಲ್ಲಿ ಓಡತೊಡಗಿದೆ. ಆ ದಾರಿ ನೀರು ನಿಂತ ಹಳೇ ಕಲ್ಲುಗಣಿಯವರೆಗೆ ಹೋಗುತ್ತದೆ. ಅಪ್ಪ ಬೇಡ ಅನ್ನಲಿಲ್ಲ. ಯಾವ ದಾರಿ, ಎಲ್ಲಿಯವರೆಗೆ ಎಂದಷ್ಟೇ ಕೇಳಿದರು.

ಒಂದು ವಾರ ಕಳೆದಿರಬೇಕು, ದಾರಿಯಲ್ಲಿ ತೂತುಗಳು ಕಂಡವು. ಬೆರಳಿಗಿಂತ ಸಣ್ಣವು. ಏಡಿಯದೋ ಹುಳದ್ದೋ ಅಂದುಕೊಂಡೆ. ಆದರೆ ಏಡಿ ಗೇಣಳತೆ ಹಿಡಿದು ಸಾಲಾಗಿ ತೋಡುವುದಿಲ್ಲ. ಎಲ್ಲವೂ ಓರೆಯಾಗಿದ್ದವು, ಒಂದೇ ದಿಕ್ಕಿಗೆ. ಮಳೆ ಬಂದು ಮುಚ್ಚಿದರೂ ಮರುದಿನ ಹೊಸವು ಇರುತ್ತಿದ್ದವು, ಅವುಗಳ ಬಾಯಲ್ಲಿ ಮಣ್ಣು ಇನ್ನೂ ಹಸಿ. ನಾನು ಎಲ್ಲಿ ತಿರುಗಿ ಮನೆಗೆ ಹೊರಡುತ್ತಿದ್ದೆನೋ ಅಲ್ಲಿಗೆ ಸರಿಯಾಗಿ ಮುಗಿಯುತ್ತಿದ್ದವು. ಒಂದು ದಿನ ಬೇಕೆಂದೇ ನೂರು ಹೆಜ್ಜೆ ಮುಂದೆ ಓಡಿ ಬಂದೆ. ಮರುದಿನ ತೂತುಗಳೂ ನೂರು ಹೆಜ್ಜೆ ಮುಂದೆ ಹೋಗಿದ್ದವು.

ಪಕ್ಕದ ಮನೆಯ ಮುದುಕಿಗೆ ಹೇಳಿದೆ. ಗಣಿಯಲ್ಲಿ ಕಲ್ಲು ಒಡೆದು ಮುಪ್ಪಾದವಳು, ಸುಮ್ಮಸುಮ್ಮನೆ ಹೆದರುವ ಪೈಕಿ ಅಲ್ಲ. ಬಂದು ನೋಡಿದಳು, ಒಂದು ತೂತಿನಲ್ಲಿ ಕಡ್ಡಿ ಇಳಿಸಿ ಆಳ ನೋಡಿದಳು. ಆಮೇಲೆ ಕಡ್ಡಿ ಅಲ್ಲೇ ಒಗೆದು ಸೆರಗಿಗೆ ಕೈ ಒರೆಸಿಕೊಂಡಳು.

"ನಿನ್ನ ಹುಗಿಯೋ ಕುಣಿಗಿ ಯಾರೋ ಜಾಗಾ ನೋಡಲಿಕತ್ತಾರವ್ವ. ಈ ದಾರಿ ಬಿಡು."

ನಾನು ಬಿಡುವವಳಲ್ಲ. ಸೈನಿಕನ ಮಗಳು ತೂತಿಗೆ ಹೆದರಿ ಮನೆಯಲ್ಲಿ ಕೂತಳೆಂದರೆ ಊರೆಲ್ಲ ನಕ್ಕೀತು. ಮರುದಿನ ಒಂದು ತಾಸು ಮೊದಲೇ ಹೊರಟೆ. ಆಗಷ್ಟೇ ಬೆಳಕು ಹರಿಯುತ್ತಿತ್ತು, ತೊಗರಿಯ ಮೇಲೆ ಮಂಜು ಕೂತಿತ್ತು. ದಾರಿಯ ನಡುವೆ ಯಾರೋ ಬೋರಲು ಬಿದ್ದಿದ್ದರು. ಹೆಣ ಎಂದುಕೊಂಡೆ. ಅಷ್ಟರಲ್ಲಿ ಅದು ಒಂದು ಗೇಣು ಮುಂದೆ ಸರಿಯಿತು.

ಅಪ್ಪ. ಕೆನ್ನೆ ಮಣ್ಣಿಗೆ ತಾಗಿಸಿ, ಸೈಕಲ್ಲಿನ ಕಡ್ಡಿಯನ್ನು ಓರೆಯಾಗಿ ನೆಲದೊಳಗೆ ಇಳಿಸುತ್ತಿದ್ದರು. ತೆಗೆದರು, ಒಂದು ಗೇಣು ಬಿಟ್ಟು ಮತ್ತೆ ಇಳಿಸಿದರು. ಕಣ್ಣು ತೆರೆದೇ ಇದ್ದವು, ಆದರೆ ಆ ಕಣ್ಣುಗಳನ್ನು ನಾನು ಮನೆಯಲ್ಲಿ ಎಂದೂ ಕಂಡಿರಲಿಲ್ಲ. ನಾನು ತೂತುಗಳ ಸಾಲು ಬಿಟ್ಟು ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟೆ. ಅವರು ತಲೆ ಎತ್ತದೆ ಹಿಂದಿಯಲ್ಲಿ, ನಿಂತಲ್ಲೇ ನಿಲ್ಲು, ಕಾಲು ಎತ್ತಬೇಡ ಎಂದರು. ಯಾವನೋ ಜೊತೆಗಾರನಿಗೆ ಹೇಳುವ ದನಿ ಅದು. ನಾನು ಯಾರೆಂದು ಆ ಹೊತ್ತಿಗೆ ಅವರಿಗೆ ಗೊತ್ತಿರಲಿಲ್ಲ.

ನಿಂತೆ. ಗೇಣು ಗೇಣಾಗಿ ಅವರು ನನ್ನ ಕಡೆ ಬಂದರು. ಎಷ್ಟು ಹೊತ್ತೋ, ಕಾಲು ಜೋಮು ಹಿಡಿಯಿತು. ನನ್ನ ಪಾದಗಳ ಸುತ್ತ ನಾಲ್ಕು ಸಲ ಚುಚ್ಚಿ ನೋಡಿ, ಎದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡರು. ಆಗ ಮೊದಲಿನ ಅಪ್ಪನಾಗಿ ಕನ್ನಡದಲ್ಲಿ ಹೇಳಿದರು.

"ಆತು. ಈಗ ಓಡು."

ಓಡಿದೆ. ಅವ್ವನಿಗೂ ಹೇಳಲಿಲ್ಲ. ಅಪ್ಪನ ಮೇಲೆ ಕರುಣೆ ಬರಬೇಕಿತ್ತು, ನನಗೆ ಬಂದದ್ದು ಸಿಟ್ಟು. ಸಿಟ್ಟಿನಲ್ಲೇ ಇನ್ನೂ ಜೋರಾಗಿ ಓಡಿದೆ. ದಿನಾ ಆ ಸಾಲಿನ ಮೇಲೆಯೇ.

ಭರ್ತಿಯ ದಿನ ದೊಡ್ಡ ಮೈದಾನ, ನೂರಾರು ಹುಡುಗಿಯರು. ಅಪ್ಪನನ್ನು ಬರಬೇಡಿ ಎಂದಿದ್ದೆ. ಸೀಟಿ ಊದಿದರು, ಎಲ್ಲರೂ ನುಗ್ಗಿದರು. ನಾನು ಕೆಳಗೆ ನೋಡಿದೆ. ಕೆಂಪು ಮಣ್ಣು ನುಣ್ಣಗಿತ್ತು, ಅದರಲ್ಲಿ ಒಂದೂ ತೂತಿರಲಿಲ್ಲ. ನನ್ನ ಕಾಲು ಏಳಲಿಲ್ಲ. ಹಿಂದಿನಿಂದ ಯಾರೋ ಬೈದು ತಳ್ಳಿದರು, ಆದರೂ ನಿಂತೇ ಇದ್ದೆ. ಓಟ ಮುಗಿದ ಮೇಲೆ ಒಬ್ಬ ಹವಾಲ್ದಾರರು ಬಂದು ಕೈ ಹಿಡಿದು ಕರೆದೊಯ್ದರು. ಅವರ ಬೂಟಿನ ಗುರುತಿನ ಮೇಲೆ ಕಾಲಿಡುತ್ತ ಹೊರಗೆ ಬಂದೆ.

ಮನೆಯಲ್ಲಿ ನಾಲ್ಕು ಸೆಕೆಂಡಿನಲ್ಲಿ ತಪ್ಪಿತು ಎಂದು ಸುಳ್ಳು ಹೇಳಿದೆ. ಅವ್ವ ನನ್ನ ತಲೆ ಸವರಿದಳು. ಅಪ್ಪ ಆವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಮರುದಿನ ಬಿಸಿಲೇರುವವರೆಗೆ ಎದ್ದೇಳಲಿಲ್ಲ. ಬಾಯಿ ತೆರೆದು, ಕೈಕಾಲು ಚಾಚಿ, ಚಿಕ್ಕ ಮಕ್ಕಳ ಹಾಗೆ ಮಲಗಿದ್ದರು. ಅವರು ಹಾಗೆ ನಿದ್ದೆ ಮಾಡಿದ್ದನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ ನಾನು. ಆ ನಿದ್ದೆಯನ್ನು ಇವತ್ತಿಗೂ ಕ್ಷಮಿಸಲು ಆಗಿಲ್ಲ.