ಅಳಿಸುವ ಅಧಿಕಾರ ಅಜ್ಜಿಗೆ

ಅಂದು ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಅಜ್ಜಿ, ಚಿಗವ್ವ, ನಾನು ಕೂತಿದ್ದೆವು. ನಡುವೆ ಕಂಪ್ಯೂಟರ್ ರಿಪೇರಿಯವರು. ನಮ್ಮ ಮನೆತನದ ಫೋಟೊಗಳನ್ನೆಲ್ಲ ಅಜ್ಜಿಯ ಮಕ್ಕಳ ಮೂರೂ ಮನೆಗಳ ಕಂಪ್ಯೂಟರಿನಲ್ಲಿ ಕಾಣುವಂತೆ ಜೋಡಿಸಿಕೊಟ್ಟವರು ಅವರೇ. ಜಾಗ ಸಾಲದೆಂದು ಚಿಗವ್ವ ತನ್ನ ಮನೆಯಲ್ಲಿ ಹಳೆಯವನ್ನು ಅಳಿಸಿದ್ದಳು. ಮಗ್ಗದಲ್ಲಿ ಕೂತ ಅಜ್ಜನ ಒಂದೇ ಒಂದು ಫೋಟೊ ಮೂರೂ ಮನೆಗಳಿಂದ ಮಾಯವಾಗಿತ್ತು.

“ನನ್ನ ಮನ್ಯಾಗಿಂದಷ್ಟ ತಗದೇನ್ರಿ!” ಎಂದು ಚಿಗವ್ವ ಕಣ್ಣೊರೆಸಿಕೊಂಡಳು.

“ಬಾವಿ ಒಂದ, ಹಗ್ಗ ಮೂರ್ರಿ ಅಕ್ಕಾರ. ಒಂದ ಕಡೆ ಅಳಸಿದ್ರ ಎಲ್ಲಾ ಕಡೆ ಹೋಗ್ತೈತ್ರಿ,” ಎಂದು ಅವರು ಚಾಳೀಸು ಹಣೆಗೇರಿಸಿ ನಕ್ಕು, ಅಜ್ಜಿಯ ಟ್ರಂಕು ತೆಗೆಸಿದರು. ಮೊದಲ ದಿನವೇ ಎಲ್ಲ ಫೋಟೊ ತುಂಬಿಕೊಟ್ಟಿದ್ದ ಡಿಸ್ಕು ಇಳಕಲ್ ಸೀರೆಯ ಮಡಿಕೆಯಲ್ಲಿ ಭದ್ರವಾಗಿತ್ತು. ಅಜ್ಜ ಮರಳಿ ಬಂದ.

“ನೋಡಾಕ ಎಲ್ಲಾರೂ, ಅಳಸಾಕ ಒಬ್ಬರ,” ಎಂಬ ತಮ್ಮ ಎಂದಿನ ಮಾತು ಹೇಳಿ, ಅಳಿಸಲು ಬೇಕಾಗುವ ಹೊಸ ಪಾಸ್‌ವರ್ಡನ್ನು ಅಜ್ಜಿಯ ಬೆರಳಿಂದಲೇ ಒತ್ತಿಸಿದರು. ಅಷ್ಟು ಹೊತ್ತೂ ನಾವೆಲ್ಲ ಗೋಡೆಗೆ ಮುಖಮಾಡಿ ನಿಂತಿದ್ದೆವು.

ಊಟಕ್ಕೆ ಕೂತಾಗ, ಬಾಯಿತುಂಬ ರೊಟ್ಟಿ ತುಂಬಿಕೊಂಡಿದ್ದ ರಿಪೇರಿಯವರದೊಂದು ಫೋಟೊ ತೆಗೆದು ಮನೆತನದ ಫೋಟೊಗಳಲ್ಲೇ ಸೇರಿಸಿದೆ.

ಮುಂದಿನ ವಾರ ಅವರೇ ಬಂದರು. “ಯಮ್ಮಾ, ಅದೊಂದು ತಗೀರಿ. ಮೂರೂ ಮನಿಯವ್ರು ನನ್ನ ಕಂಡ್ರ ನಗಾಕತ್ತಾರ!”

“ಅಳಸಾಕಿ ನಾನಲ್ಲೇನೋ ತಮ್ಮಾ? ನಾ ಒಲ್ಲೆ,” ಎಂದು ಅಜ್ಜಿ ಅವರ ಮುಂದೆ ಮತ್ತೊಂದು ರೊಟ್ಟಿ ಇಟ್ಟಳು.