ಚಾಂಪಿಯನ್ ಲೈನಿನ ಬೀಗ ಹಾಕಿದ ಮನೆಗಳು

ಸರ್ಕಾರಿ ಸಮೀಕ್ಷೆಗೆ ದುಡಿಯುವವರನ್ನು ಎಣಿಸುವ ಕೆಲಸ ನನಗೆ ಸಿಕ್ಕಾಗ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವರ್ಷಗಟ್ಟಲೆ ಕೆಲಸವಿಲ್ಲದೆ ಕೂತವನಿಗೆ, ಊರಲ್ಲಿ ಯಾರಿಗೆ ಕೆಲಸವಿದೆ ಎಂದು ಕೇಳಿಕೊಂಡು ಬರುವ ಕೆಲಸ. ಅದೂ ಗುತ್ತಿಗೆಯದು. ಒಂದು ಸುತ್ತು ಮುಗಿದ ಮೇಲೆ ಮುಂದಿನ ಸುತ್ತಿನ ಪಟ್ಟಿಯಲ್ಲಿ ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಐವತ್ತರ ಹತ್ತಿರ ಬಂದಿದ್ದ ನನಗೆ ಆ ಪಟ್ಟಿಯೇ ಮಾನ ಮರ್ಯಾದೆ ಎಲ್ಲ ಆಗಿಬಿಟ್ಟಿತು. ಹಾಲು ತರುವುದಕ್ಕೂ ಗುರುತಿನ ಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡೇ ಹೋಗುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಎರಡು ಜಾಗ. ನಗರದ ಲೆಕ್ಕಕ್ಕೆ, ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ನಾವೇ ವಾಸವಿರುವ ಲೈನು, ಅಂದರೆ ಚಿನ್ನದ ಗಣಿ ಕಾರ್ಮಿಕರ ಹಳೇ ಸಾಲುಮನೆಗಳು. ಗ್ರಾಮದ ಲೆಕ್ಕಕ್ಕೆ, ಬಂಗಾರಪೇಟೆ ಪಕ್ಕದ ಒಂದು ಹಳ್ಳಿ. ಹಗಲು ಹೊತ್ತಿನಲ್ಲಿ ಮನೆಗೆ ಹೋಗಿ, ಕಳೆದ ಏಳು ದಿನ ಏನು ಕೆಲಸ ಮಾಡಿದಿರಿ ಎಂದು ಕೇಳಿ ನಮೂನೆ ತುಂಬಬೇಕು. ಮೂರು ಸಲ ಹೋದರೂ ಬಾಗಿಲು ತೆರೆಯದಿದ್ದರೆ ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ‘ಬೀಗ’ ಎಂದು ಬರೆದು ಮುಂದೆ ನಡೆಯಬೇಕು. ಆ ಮನೆಯವರು ಲೆಕ್ಕಕ್ಕಿಲ್ಲ.

ನಮ್ಮ ಲೈನಿನಲ್ಲಿ ಹಗಲು ಯಾರ ಬಾಗಿಲು ತೆರೆದಿರುತ್ತದೆ, ಹೇಳಿ? ಗಣಿ ಮುಚ್ಚಿದಂದಿನಿಂದ ಕೈಕಾಲು ಗಟ್ಟಿಯಿರುವವರೆಲ್ಲ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಹನ್ನೊಂದು ಗಂಟೆಗೆ ಎಣಿಸಲು ಸಿಗುವುದು ನಾಯಿಗಳು, ಕೋಳಿಗಳು ಮತ್ತು ನಾನು. ಭಾನುವಾರ ಕೇಳಬಹುದಿತ್ತಲ್ಲ ಎನ್ನಬೇಡಿ. ಭಾನುವಾರ ನಮ್ಮಲ್ಲಿ ನೀರು ಬರುವ ದಿನ. ಬಿಂದಿಗೆ ಹಿಡಿದು ನಲ್ಲಿ ಮುಂದೆ ಜಗಳಕ್ಕೆ ನಿಂತವರನ್ನು, ವಾರಕ್ಕೆ ಎಷ್ಟು ಗಂಟೆ ದುಡಿದಿರಿ ಎಂದು ಕೇಳಲು ನನಗೇನು ತಲೆ ಕೆಟ್ಟಿತ್ತೇ?

ಹಾಗಾಗಿ ನಾನೂ ರೈಲು ಹತ್ತಿದೆ. ಚಾಂಪಿಯನ್ ನಿಲ್ದಾಣದಲ್ಲಿ ಹತ್ತಿದರೆ ಬಂಗಾರಪೇಟೆ ಬರುವಷ್ಟರಲ್ಲಿ ಮೂರು ನಾಲ್ಕು ಮನೆಯವರದು ಮುಗಿಸಿ ಇಳಿಯುತ್ತಿದ್ದೆ. ನಮ್ಮವರದು ಒಂದು ಪದ್ಧತಿ. ಲೈನಿನಲ್ಲಿ ಅಕ್ಕಪಕ್ಕ ಇರುವವರು ಬೋಗಿಯಲ್ಲೂ ಅಕ್ಕಪಕ್ಕವೇ ಕೂರುತ್ತಾರೆ. ಮನೆ ನಂಬರಿನ ಕ್ರಮ ಕೂಡ ತಪ್ಪುತ್ತಿರಲಿಲ್ಲ. ಒಬ್ಬ ತಾನು ಮೇಲ್ವಿಚಾರಕ ಎಂದು ಎದೆಯುಬ್ಬಿಸಿದರೆ, ಎದುರಿಗೆ ಕೂತವನು ‘ಗೇಟು ಕಾಯುವವನು’ ಅಂತ ಬರೆಯಿರಿ ಎಂದು ತಿದ್ದುತ್ತಿದ್ದ. ಇಷ್ಟು ನಿಜವಾದ ಅಂಕಿಅಂಶ ದೇಶದಲ್ಲಿ ಇನ್ನೆಲ್ಲೂ ಇರಲಾರದು ಎಂದು ನನಗೆ ಭಾರಿ ಜಂಬ.

ಆ ನಿಜವೇ ಕುತ್ತಿಗೆಗೆ ಬಂತು. ನಮ್ಮ ಲೈನಿನಲ್ಲಿ ರೈಲು ಹಿಡಿಯದ ಹೆಂಗಸರು ಟೆಂಪೋದಲ್ಲಿ ನಿಂತುಕೊಂಡು ಹಳ್ಳಿಗಳಿಗೆ ಟೊಮೆಟೊ ಬಿಡಿಸಲು ಹೋಗುತ್ತಾರೆ. ಅದೇ ಹೊತ್ತಿಗೆ ಹಳ್ಳಿಯವರು ಕಂಪನಿ ಬಸ್ಸು ಹತ್ತಿ ಕಾರ್ಖಾನೆಗೆ ಹೊರಡುತ್ತಾರೆ. ಬಂಗಾರಪೇಟೆ ರಸ್ತೆಯಲ್ಲಿ ಟೆಂಪೋ ಮತ್ತು ಬಸ್ಸು ದಿನವೂ ಎದುರುಬದುರಾಗುತ್ತವೆ. ನಾನು ಇದ್ದದ್ದನ್ನು ಇದ್ದ ಹಾಗೇ ಬರೆದೆ: ನಗರದಲ್ಲಿ ಕೃಷಿ ಕೂಲಿ, ಗ್ರಾಮದಲ್ಲಿ ಯಂತ್ರದ ಕೆಲಸ. ನಾನು ನಗರ, ಗ್ರಾಮದ ಎರಡು ನಮೂನೆ ಕಟ್ಟುಗಳ ಮೇಲಿನ ಚೀಟಿ ಅದಲುಬದಲು ಮಾಡಿದ್ದೇನೆಂದು ಕಚೇರಿಯವರಿಗೆ ಅನುಮಾನ ಬಂದು, ಪರೀಕ್ಷೆಗೆ ಒಬ್ಬ ಅಧಿಕಾರಿಯನ್ನು ಕಳಿಸಿದರು.

ಅವರು ಬಂದದ್ದು ಹನ್ನೊಂದು ಗಂಟೆಗೆ. ಸಾಲಾಗಿ ಬೀಗಗಳು. ಹಾಗಾದರೆ ಇಷ್ಟು ನಮೂನೆ ಎಲ್ಲಿ ಕೂತು ತುಂಬಿದಿರಿ ಎಂದರು. ರೈಲಿನಲ್ಲಿ ಎಂದೆ. ಒಳ್ಳೆಯ ಮನುಷ್ಯ, ಬೈಯಲಿಲ್ಲ. ರೈಲು ವಾಸದ ಮನೆಯಲ್ಲ, ಮನೆಯಲ್ಲಿ ಸಿಗದವರು ಇಲ್ಲವೆಂದೇ ಲೆಕ್ಕ ಎಂದು ಎಳೆಮಗುವಿಗೆ ಹೇಳುವಂತೆ ತಿಳಿಸಿದರು. ಮೂರು ದಿನದೊಳಗೆ ಎಲ್ಲವನ್ನೂ ‘ಬೀಗ’ ಎಂದು ತಿದ್ದಿಕೊಡದಿದ್ದರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿರುವುದಿಲ್ಲ ಎಂದು ಹೇಳಿ, ತಾವೇ ಒಂದು ಹೊಸ ಸೀಮೆಸುಣ್ಣ ಕೊಟ್ಟು ಹೋದರು.

ಮರುದಿನ ಬೋಗಿಯಲ್ಲಿ ವಿಷಯ ತಿಳಿಸಿದೆ. ನಿಮ್ಮನ್ನೆಲ್ಲ ಅಳಿಸಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಯಾರಿಗೂ ಅಂಥ ಬೇಜಾರೇನೂ ಆದಂತೆ ಕಾಣಲಿಲ್ಲ. ಬೆಂಗಳೂರಿನ ಆಫೀಸೊಂದರಲ್ಲಿ ಕಸ ಗುಡಿಸುವ ನಮ್ಮ ಪಕ್ಕದ ಮನೆಯಾಕೆ ಮಾತ್ರ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

“ಎಲ್ಲಾದ್ರೂ ಒಂದು ಕಡೆ ಬರಿ ಅಣ್ಣಾ ನನ್ನ. ಬೆಂಗ್ಳೂರಲ್ಲಿ ಕೇಳಿದ್ರೆ ನೀನು ಕೆಜಿಎಫ್‌ನೋಳು ಅಂತಾರೆ. ಇಲ್ಲಿ ನೀನು ಬೀಗ ಅಂತೀಯ.”

ನನಗೆ ನಾಚಿಕೆಯಾಯಿತು. ಬಂಗಾರಪೇಟೆಯಲ್ಲಿ ಇಳಿದು, ಒಂದಕ್ಷರ ತಿದ್ದದೆ ಕಟ್ಟನ್ನು ಹಾಗೆಯೇ ಕಚೇರಿಗೆ ಕೊಟ್ಟುಬಂದೆ. ಅದು ಧೈರ್ಯವಲ್ಲ, ಬರೀ ಹಟ. ಮನೆಗೆ ಬಂದು ಹೇಳಿದಾಗ ಹೆಂಡತಿಗೆ ನಗು ಬರಲಿಲ್ಲ. “ಊರೋರ ಎಸ್ರೆಲ್ಲ ಉಳಿಸ್ಬುಟ್ಟು ನಿನ್ ಎಸ್ರು ಕಳ್ಕಂಡ್ಯಲ್ಲ,” ಎಂದು ಬೆನ್ನು ತಿರುಗಿಸಿದಳು.

ಪಟ್ಟಿ ಬಂತು, ನನ್ನ ಹೆಸರಿರಲಿಲ್ಲ. ಈಗ ಅದೇ ರೈಲಿನಲ್ಲಿ, ಅದೇ ಬೋಗಿಯಲ್ಲಿ ನನಗೂ ಒಂದು ಸೀಟಿದೆ, ಪಕ್ಕದ ಮನೆಯಾಕೆಯ ಎದುರಿಗೆ. ಆದರೆ ಬಂಗಾರಪೇಟೆಯಲ್ಲಿ ಇಳಿಯುವುದಿಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತು ಒಳಗೆ ಹೋಗುವ, ಹೊರಗೆ ಬರುವ ಗಾಡಿಗಳ ನಂಬರು ಬರೆಯುತ್ತೇನೆ. ಎಣಿಸುವ ಚಾಳಿ ತಪ್ಪಲಿಲ್ಲ ನೋಡಿ. ಹೆಂಡತಿಯೂ ಒಂದು ಗಾರ್ಮೆಂಟ್ಸಿಗೆ ಸೇರಿದ್ದಾಳೆ. ಇಬ್ಬರೂ ಜೊತೆಗೇ ಹೋಗಿ ಜೊತೆಗೇ ಬರುತ್ತೇವೆ.

ಹೋದ ವಾರ ಸಂಜೆ ರೈಲಿಳಿದು ಬಂದಾಗ ಲೈನಿನ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದ ಅಕ್ಷರ. ನನ್ನ ಜಾಗಕ್ಕೆ ಬಂದವನು ದುಂಡಗೆ, ಮುದ್ದಾಗಿ ‘ಬೀಗ’ ಎಂದು ಬರೆದಿದ್ದ. ಪಕ್ಕದ ಮನೆಯಾಕೆಯ ಬಾಗಿಲ ಮೇಲೂ ಅದೇ, ನಮ್ಮ ಬಾಗಿಲ ಮೇಲೂ ಅದೇ. ನನಗೆ ಮೈ ಉರಿದುಹೋಯಿತು. ಬಾಟಲಿಯಲ್ಲಿ ಉಳಿದಿದ್ದ ನೀರಿನಿಂದ ಟವೆಲ್ ಒದ್ದೆ ಮಾಡಿ ಒರೆಸಲು ಹೋದೆ. ಹೆಂಡತಿ ಬೀಗದ ಕೈ ಹಿಡಿದು ಹಿಂದೆಯೇ ನಿಂತಿದ್ದಳು.

“ಒರೆಸ್ಬ್ಯಾಡ ಬುಡು,” ಎಂದಳು. “ಮೂರು ಸಲ ಬಂದಿರ್ತಾನೆ ಪಾಪ. ನಾವೆಲ್ಲಿದ್ವಿ?”

ನಾನು ಟವೆಲ್ ಹಿಂಡಿ ಹೆಗಲ ಮೇಲೆ ಹಾಕಿಕೊಂಡು, ಅವಳು ಬಾಗಿಲು ತೆಗೆಯಲಿ ಎಂದು ಪಕ್ಕಕ್ಕೆ ಸರಿದೆ.